ಗುರುಶಾಂತಮ್ಮ ಕಾಲೇಜಿನ ಕಿಂಡಿ ಗೆದ್ದದ್ದು

ಸಾವಿರದ ಒಂಬೈನೂರ ಅರವತ್ತೊಂದರ ಜೂನ್ ತಿಂಗಳಲ್ಲಿ ದಾವಣಗೆರೆಯ ಮೇಲೆ ಒಂದು ದಂಡಯಾತ್ರೆ ನಡೆಯಿತು. ದಂಡಿನಲ್ಲಿದ್ದವಳು ಒಬ್ಬಳೇ: ಹರಿಹರದ ಕಡೆಯ ಕೊಕ್ಕನೂರಿನ ಗುರುಶಾಂತಮ್ಮ. ವಯಸ್ಸು ಹತ್ತೊಂಬತ್ತು, ಆಯುಧ ಒಂದು ತಗಡಿನ ಟ್ರಂಕು. ಧಾರವಾಡದ ಸೋದರಮಾವನ ಮನೆಯಲ್ಲಿದ್ದು ಬಿ.ಎ. ಮೊದಲ ವರ್ಷ ಮುಗಿಸಿದ್ದಳು. ಅಷ್ಟರಲ್ಲಿ ಮಾವನಿಗೆ ಬಿಜಾಪುರಕ್ಕೆ ವರ್ಗವಾಯಿತು. ಉಳಿದದ್ದನ್ನು ದಾವಣಗೆರೆಯಲ್ಲಿ ಓದುತ್ತೇನೆಂದು ಹಟ ಹಿಡಿದ ಮಗಳಿಗೆ ಅಪ್ಪ ಬಕ್ಕೇಶಪ್ಪ ಗಡುವು ಕೊಟ್ಟ.

"ಗುರುವಾರ ಕಡೇ ದಿನ ಅಂತೀಯ. ಅಷ್ಟ್ರೊಳಗೆ ಸೀಟು ಆತಾ, ಓದು. ಇಲ್ಲಾ, ಊರಿಗೆ ಬಾ, ಗಂಡು ನೋಡ್ತೀನಿ."

ಬುಧವಾರ ಹರಿಹರದಲ್ಲಿ ರೈಲು ಹತ್ತಿ ಬಂದಿಳಿದವಳು ಒಂದೇ ದಿನದಲ್ಲಿ ಏಳು ಮನೆಗಳ ಮೆಟ್ಟಿಲು ಹತ್ತಿಳಿದಳು. ಕಾಲೇಜಿಗಿದ್ದ ಹಾಸ್ಟೆಲು ಹುಡುಗರದು. ಒಂಟಿ ಹುಡುಗಿಗೆ ಬಾಡಿಗೆಗೆ ಕೋಣೆ ಕೊಡುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಏಳನೆಯ ಮನೆಯ ಒಡತಿ ಸರ್ವಮಂಗಳಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದು ಕೇಳಿದರು: "ಗಂಡ ಎಲ್ಲವ್ವ?"

"ಇನ್ನೂ ಸಿಕ್ಕಿಲ್ರಿ. ಮೊದ್ಲು ಮನೆ ಸಿಗ್ಲಿ."

ಕದ ಧಡಾರನೆ ಮುಚ್ಚಿದ ಸದ್ದಿಗೆ ಬೀದಿಯ ನಾಯಿ ಎದ್ದು ಕೂತಿತು.

ಕಡೆಗೆ ಜಾಗ ಸಿಕ್ಕಿದ್ದು ಮಾಬೂಬೀಯ ಮಂಡಕ್ಕಿ ಭಟ್ಟಿಯ ಅಟ್ಟದಲ್ಲಿ. ಕೆಳಗೆ ಕಾದ ಮರಳಲ್ಲಿ ಅಕ್ಕಿ ಅರಳುತ್ತಿದ್ದರೆ ಮೇಲೆ ಮನುಷ್ಯರೂ ಅರಳುವಷ್ಟು ಸೆಕೆ. ಮಾಬೂಬೀ ಕೊಕ್ಕನೂರಿನ ಮಗಳು. ಮೂರು ಕೂಸು ಕಳಕೊಂಡಿದ್ದ ಬಕ್ಕೇಶಪ್ಪ, ನಾಲ್ಕನೆಯದು ಉಳಿದರೆ ಮೊಹರಂನಲ್ಲಿ ಫಕೀರಳನ್ನಾಗಿ ಮಾಡುತ್ತೇನೆಂದು ಊರ ಪೀರನಿಗೆ ಹರಕೆ ಹೊತ್ತಿದ್ದ. ಲಾಡಿ ಎಂಬ ಆ ಹರಕೆಯ ಕೆಂಪು ಹಳದಿ ದಾರವನ್ನು ಪ್ರತಿವರ್ಷ ತವರಿಗೆ ಬಂದು ಗುರುಶಾಂತಮ್ಮನ ಮಣಿಕಟ್ಟಿಗೆ ಕಟ್ಟುತ್ತಿದ್ದವಳು ಮಾಬೂಬೀಯೇ. ಅದು ಮೊಹರಂ ಸಮಯ. ಟ್ರಂಕು ಇಳಿಸುವ ಮೊದಲೇ ಈ ವರ್ಷದ್ದನ್ನೂ ಕಟ್ಟಿದಳು.

ಗುರುವಾರ ಗುರುಶಾಂತಮ್ಮ ಕೋಟೆಯ ಬಾಗಿಲಿಗೆ ಬಂದಳು, ಎಂದರೆ ಕಾಲೇಜಿನ ಆಫೀಸಿನ ಕಿಂಡಿಗೆ. ಒಳಗೆ ಗುಮಾಸ್ತ ಪಂಚಾಕ್ಷರಪ್ಪನವರು: ಹಣೆತುಂಬ ವಿಭೂತಿ, ಆ ಸೆಕೆಯಲ್ಲೂ ಮಣಿಕಟ್ಟಿಗೆ ಗುಂಡಿ ಬಿಗಿದ ತುಂಬುತೋಳಿನ ಅಂಗಿ. ಧಾರವಾಡದ ಟಿ.ಸಿ., ಮೈಗ್ರೇಶನ್ ಸರ್ಟಿಫಿಕೇಟು, ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ, ಅರ್ಜಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಸ್ಥಳೀಯ ಪೋಷಕರು ಮಾಬೂಬೀ, ಸಂಬಂಧ ಅತ್ತೆ. ಏನವ್ವ ಇದು? ಬಕ್ಕೇಶಪ್ಪನ ಮಗಳಿಗೆ ಮಾಬೂಬೀ ಹೆಂಗೆ ಅತ್ತೆ?"

ಗುರುಶಾಂತಮ್ಮ ಕಿಂಡಿಯೊಳಗೆ ಕೈ ತೂರಿಸಿದಳು. "ಲಾಡಿ ಕಟ್ಟಿದೋರು ಅತ್ತೆ ಅಲ್ದೆ ಇನ್ನೇನ್ರಿ?"

"ಲಾಡಿ ಗೀಡಿ ಆಫೀಸಲ್ಲಿ ನಡೆಯಲ್ಲ. ರೂಲ್ಸ್ ಐತೆ."

"ಐತೆ ಅಂದ್ರೆ ತೋರಿಸ್ರಿ. ನಾನೇನು ಕುರುಡೀನಾ?"

ಹಿಂದೆ ಸಾಲುಗಟ್ಟಿದ್ದ ಹುಡುಗರು ಕಿಸಕ್ಕೆಂದರು. ರೇಗಿದ ಪಂಚಾಕ್ಷರಪ್ಪನವರು ಬೀರುವಿನ ತಲೆಮೇಲಿದ್ದ ನಿಯಮಗಳ ಕಟ್ಟಿಗೆ ಎರಡೂ ಕೈ ಚಾಚಿದರು. ಟಪ್ಪೆಂದು ಗುಂಡಿ ಹಾರಿತು. ತೋಳು ಮೊಣಕೈಗೆ ಜಾರಿತು. ಮಣಿಕಟ್ಟಿನಲ್ಲಿ ಕೆಂಪು ಹಳದಿ ದಾರ!

"ನಿಮ್ದು ಯಾವೂರ ಪೀರ್ರಿ, ಗುಮಾಸ್ತರೆ?"

"ಮಾಯಕೊಂಡದ್ದು" ಎಂದು ಬಾಯಿಂದ ಬಂದೇಬಿಟ್ಟಿತು. ಕೈ ಇಳಿಸುವಷ್ಟರಲ್ಲಿ ಸಾಲಿಗೆ ಸಾಲೇ ನೋಡಿಯಾಗಿತ್ತು.

"ಕಟ್ಟಿದೋರ್ನ ಏನಂತ ಕರೀತೀರಿ?"

ಪಂಚಾಕ್ಷರಪ್ಪನವರು ಗೋಡೆ ನೋಡಿದರು. "...ಮಾಮ."

"ಹಂಗಾದ್ರೆ ಬರ್ಕಳ್ರಿ ಅತ್ತೆ ಅಂತ."

ಬರೆದುಕೊಂಡರು. ಆದರೂ ಗುಮಾಸ್ತರು ಗುಮಾಸ್ತರೇ. "ಪೋಷಕರೇ ಬಂದು ಸಹಿ ಹಾಕ್ಬೇಕು. ಐದಕ್ಕೆ ಕಿಂಡಿ ಮುಚ್ತೀನಿ."

ಐದಕ್ಕೆ ಹತ್ತು ನಿಮಿಷವಿರುವಾಗ ಮಾಬೂಬೀ ಒಲೆಯ ಮುಂದಿನಿಂದ ಎದ್ದವಳು ಹಾಗೇ ಬಂದಳು, ಸೆರಗಿನಲ್ಲಿ ಹೊಟ್ಟು, ಕೈತುಂಬ ಮಸಿ. ಪಂಚಾಕ್ಷರಪ್ಪನವರು ಹೆಬ್ಬೆಟ್ಟಿಗೆಂದು ಶಾಯಿಯ ಡಬ್ಬಿ ಹುಡುಕತೊಡಗಿದರು.

"ಇರ್ಲಿ ಬಿಡಪ್ಪ, ನಂದೇ ಐತೆ" ಎಂದು ಮಾಬೂಬೀ ಕಾಗದದ ಮೇಲೆ ಹೆಬ್ಬೆರಳು ಒತ್ತಿದಳು. ಯಾವ ಸರ್ಕಾರಿ ಮೊಹರೂ ಅಷ್ಟು ಕಪ್ಪಗೆ ಮೂಡಿರಲಾರದು. ಆಮೇಲೆ ಗುಂಡಿಯಿಲ್ಲದ ತೋಳಿನತ್ತ ಕಣ್ಣು ಹಾಯಿಸಿದಳು. "ಗಂಟು ಸಡ್ಲ ಆಗೈತೆ. ಕೈ ಕೊಡು ಇಲ್ಲಿ."

ಕಾಲೇಜನ್ನು ನಡುಗಿಸುತ್ತಿದ್ದ ಪಂಚಾಕ್ಷರಪ್ಪನವರು ಕಿಂಡಿಯ ಹೊರಗೆ ತೆಪ್ಪಗೆ ಕೈ ಚಾಚಿದರು.

ಆ ಸಂಜೆ ಗುರುಶಾಂತಮ್ಮ ಅಟ್ಟದಲ್ಲಿ ಕೂತು ಅಪ್ಪನಿಗೆ ಕಾರ್ಡು ಬರೆದಳು: "ಸೀಟು ಆಯಿತು. ಗಂಡು ನೋಡುವ ತೊಂದರೆ ತಗೊಳ್ಳಬೇಡಿ. ಪುಸ್ತಕದ ಮೇಲೆ ಭಟ್ಟಿಯ ಮಸಿ ಕೂರುತ್ತದೆ, ಮುಚ್ಚಲಿಕ್ಕೆ ಒಂದು ಹಳೇ ಸೀರೆ ಕಳಿಸಿ. ಎರಡು ವರ್ಷ ಬಾಳಿಕೆ ಬರುವಂಥದು."