ಇಬ್ಬರಿಗೆ ಒಂದೇ ಜೋಡಿ ಬೂಟು

2012ರ ಸುಮಾರಿಗೆ, ಸ್ಯಾನ್ ಡಿಯಾಗೋದಲ್ಲಿ ಓದುತ್ತಿದ್ದಾಗ, ಹತ್ತಿರದ ಡೆಲ್ ಮಾರ್ ಊರಿನಲ್ಲಿ ಎಂಬತ್ತು ದಾಟಿದ ಐರಿಶ್ ಅಜ್ಜಿಯೊಬ್ಬರ ಮನೆಯಲ್ಲಿ ಬಾಡಿಗೆಗಿದ್ದೆ. ಒಮ್ಮೆ ಹೊಸ ಶೂ ತಂದವಳು ಡಬ್ಬಿಯಿಂದ ತೆಗೆದು ಅಡುಗೆಮನೆಯ ಮೇಜಿನ ಮೇಲಿಟ್ಟೆ. ಅಜ್ಜಿ ತಕ್ಷಣ ಕೆಳಗಿಳಿಸಿದರು.

"ಹೊಸ ಶೂ ಮೇಜಿನ ಮೇಲೆ ಇಡಬಾರ್ದು. ನಮ್ಮ ಕಡೆ ಅಪಶಕುನ."

"ನಮ್ಮಲ್ಲೂ ಇಡಲ್ಲ ಆಂಟಿ. ಇಲ್ಲಿಗೆ ಬಂದ್ಮೇಲೆ ಅಭ್ಯಾಸ ಕೆಟ್ಟಿದೆ."

ಅವರು ನಕ್ಕು, ಶೂವಿನ ಹೊಲಿಗೆ ಸವರುತ್ತಾ ತಮ್ಮ ಹಳ್ಳಿಯ ಮಾತು ತೆಗೆದರು. ಬೇಸಿಗೆಯಿಡೀ ಮಕ್ಕಳದು ಬರಿಗಾಲು. ಚಳಿಗಾಲಕ್ಕೆ ಮುಂಚೆ ಬೂಟು ಹೊಲಿಯುವವನು ಮನೆಗೇ ಬಂದು, ಒಲೆಯ ಪಕ್ಕ ಕೂತು, ಮೇಣ ಸವರಿದ ದಾರದಲ್ಲಿ ಹೊಲಿದು, ಅಟ್ಟೆಗೆ ಮೊಳೆ ಹೊಡೆದು ಕೊಡುತ್ತಿದ್ದನಂತೆ. ಚರ್ಚಿಗೆ ಹೋಗುವವರು ಬೂಟು ಕೈಯಲ್ಲಿ ಹಿಡಿದು ನಡೆದು, ಹತ್ತಿರದ ತೊರೆಯಲ್ಲಿ ಕಾಲು ತೊಳೆದು ಹಾಕಿಕೊಳ್ಳುತ್ತಿದ್ದರು. ಅಟ್ಟೆ ಸವೆಯಬಾರದಲ್ಲ.

"ನಂಗೂ ಅಕ್ಕಂಗೂ ಸೇರಿ ಒಂದೇ ಜೋಡಿ," ಎಂದರು. ಚರ್ಚಿನ ಬೆಳಗಿನ ಪೂಜೆಗೆ ಇವರು, ನಂತರದ ಪೂಜೆಗೆ ಅಕ್ಕ. ದಾರಿಯ ಕಲ್ಲುಗೋಡೆಯ ಬಳಿ ಬೂಟು ಅಕ್ಕನಿಗೆ ಕೊಡಬೇಕು. ಒಂದು ಕ್ರಿಸ್‌ಮಸ್ ದಿನ ಅಕ್ಕ ಚರ್ಚಿನಲ್ಲಿ ಒಬ್ಬಳೇ ಹಾಡುವುದಿತ್ತು. ಗೆಳತಿಯರು ಬೂಟು ಹೊಗಳಿದರೆಂದು ಇವರು ಗೋಡೆಯ ಬಳಿಗೆ ಬರದೆ ಅವರ ಹಿಂದೆಯೇ ಹೋಗಿಬಿಟ್ಟರು. ಮರಳಿ ಬಂದಾಗ ಅಕ್ಕ ಹೆಪ್ಪುಗಟ್ಟಿದ ನೆಲದ ಮೇಲೆ ಬರಿಗಾಲಲ್ಲಿ ನಿಂತೇ ಇದ್ದಳು. ಹಾಗೇ ಊರವರೆದುರು ಹೋಗಲು ಅವಳಿಗೆ ನಾಚಿಕೆ. ಅಷ್ಟರಲ್ಲಿ ಹಾಡನ್ನು ಬೇರೆ ಯಾರೋ ಹಾಡಿ ಮುಗಿಸಿದ್ದರು.

"ಬೈಲಿಲ್ಲ ಅವಳು. ಆದ್ರೆ ಆಮೇಲೆ ಯಾವತ್ತೂ ಹಾಡ್ಲಿಲ್ಲ."

"ಅಕ್ಕ ಈಗ ಎಲ್ಲಿದ್ದಾರೆ?"

"ಊರಲ್ಲೇ. ಪ್ರತಿ ಭಾನುವಾರ ಫೋನ್ ಮಾಡ್ತೀನಿ. ಇದೊಂದು ಮಾತು ಮಾತ್ರ ಬಾಯಿಗೆ ಬರಲ್ಲ."

"ಹೇಳ್ಬಿಡಿ ಆಂಟಿ. ಮನಸ್ಸು ಹಗುರ ಆಗತ್ತೆ," ಎಂದೆ. ನನಗೆ ಹೇಳುವುದು ಸುಲಭವಿತ್ತು.

ಆ ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಪೀಕರ್ ಹಾಕಿ ಅಕ್ಕನಿಗೆ ಫೋನ್ ಮಾಡಿದರು. ಆ ಬೂಟಿನ ವಿಷಯ ಹೇಳಿ, ತಪ್ಪಾಯ್ತು ಎಂದರು.

"ನಾನು ಮರೆತಿದೀನಿ ಅಂದ್ಕೊಂಡಿದ್ಯಾ?" ಎಂದಿತು ಅತ್ತಲಿಂದ ಅಕ್ಕನ ಮುದಿ ದನಿ. ಹಿಂದೆಯೇ, "ನಿನ್ನ ಮೊಣಕಾಲು ನೋವು ಹೇಗಿದೆ?" ಎಂದು ಕೇಳಿತು.

ಫೋನ್ ಇಟ್ಟ ಮೇಲೆ ಅಜ್ಜಿ, "ಕ್ಷಮಿಸಿದೀನಿ ಅನ್ಲಿಲ್ಲ," ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡರು. ಅವರನ್ನು ಒತ್ತಾಯಿಸಬಾರದಿತ್ತೇನೋ ಎಂದು ನನ್ನ ಮನಸ್ಸು ಚುಚ್ಚುತ್ತಿತ್ತು. ಟೀ ಮಾಡಲು ಎದ್ದೆ.

ಮುಂದಿನ ಭಾನುವಾರವೂ ಅವರು ಅದೇ ಹೊತ್ತಿಗೆ ಅಕ್ಕನಿಗೆ ಫೋನ್ ಮಾಡಿದರು. ಈ ಸಲ ನಾನು ಬಾಗಿಲು ಎಳೆದುಕೊಂಡು ಹೊರಗೆ ಹೋದೆ.