ಅರಬಿಯ ಕೋವಿ, ನನ್ನ ಹರಕೆ

ಕೋವಿಯ ನಳಿಗೆ ಅದರ ಕೆಳಗಿನ ಮರದ ಹಿಡಿಗೆ ತಾಗಿದರೆ ಗುರಿ ತಪ್ಪುತ್ತದೆಂದು ನನಗೆ ಮೊದಲು ಹೇಳಿದವರು, ತೊಂಬತ್ತರ ದಶಕದಲ್ಲಿ ಅರಬರ ನಾಡಿನ ಅಲ್ ಕೂಜ್‌ನ ನಮ್ಮ ಬಡಗಿ ಶೆಡ್ಡಿಗೆ ಬಂದ ಸಲೀಂ ಎಂಬ ಅರಬಿ.

"ಕಂಪನಿಯಿಂದ ಬಂದದ್ದೇ ಹೀಗೆ ಭಾಯ್. ನಳಿಗೆ ಬಿಸಿಯಾದ್ರೆ ಗುಂಡು ಎಲ್ಲೆಲ್ಲಿಗೋ ಹೋಗುತ್ತೆ. ಮರ ಸ್ವಲ್ಪ ಉಜ್ಜಿಕೊಡು."

"ಏನು ಹೊಡೀತೀರಿ ಅರ್ಬಾಬ್?" ಎಂದೆ; ಧಣಿಗಳನ್ನು ಅಲ್ಲಿ ಹಾಗೆ ಕರೆಯುವುದು ರೂಢಿ.

"ಜಿಂಕೆ. ಮುಂದಿನ ವಾರ ಆಫ್ರಿಕಾಕ್ಕೆ ಹೋಗ್ಬೇಕು, ಯಲ್ಲಾ, ಬೇಗ!"

ಮನೆಯ ಹಲ್ಲಿಯನ್ನೂ ಹೊಡೆಯದವನು ನಾನು. ಆದರೆ ಹಿಡಿದ ಕೆಲಸ ಕೆಡಿಸುವುದೂ ಪಾಪವೇ ಅಲ್ಲವೆ? ನಳಿಗೆಗೂ ಮರಕ್ಕೂ ನಡುವೆ ಕಾಗದ ಸಲೀಸಾಗಿ ಜಾರುವ ತನಕ ಉಜ್ಜಿದೆ. ಜತೆಗೆ, ಇವರ ಕಣ್ಣಿಗೆ ಯಾವ ಪ್ರಾಣಿಯೂ ಬೀಳದಿರಲಿ ಎಂದು ಮಂಜುನಾಥನಿಗೆ ಹರಕೆ ಹೇಳಿಕೊಂಡೆ.

ತಿಂಗಳಾದ ಮೇಲೆ ಸಲೀಂ ಸಾಹೇಬರು ಬಂದು ಬೆನ್ನು ತಟ್ಟಿದರು. "ಗುರಿಹಲಗೆಯಲ್ಲಿ ಗುಂಡೆಲ್ಲ ಒಂದೇ ಕಡೆ ಭಾಯ್! ಆದ್ರೆ ಕಾಡಲ್ಲಿ ಒಂದು ಜಿಂಕೆಯೂ ಕಾಣ್ಲಿಲ್ಲ."

ಈ ಸಂಗತಿಯನ್ನು ನೀವು ಯಾರಿಗೆ ಬೇಕಾದರೂ ಹೇಳಿ, ಸಲೀಂ ಸಾಹೇಬರೊಬ್ಬರನ್ನು ಬಿಟ್ಟು.