ಎಂಟು ಗಂಟೆಯ ಗುರ್ ಸದ್ದು

ನಮ್ಮ ಚಿಕ್ಕಪ್ಪ ವಕೀಲರೊಬ್ಬರ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಡ್ರೈವರ್. ಬೆಳಿಗ್ಗೆ ಎಂಟಕ್ಕೆ ಆನೆಯಂಥ ಪೆಟ್ರೋಲ್ ಕಾರನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ಬಿಸಿಮಾಡುತ್ತಿದ್ದ. ಆ ಗುರ್ ಸದ್ದು ಕಿವಿಗೆ ಬಿದ್ದ ಮೇಲೆಯೇ ವಕೀಲರು ಮಹಡಿಯಲ್ಲಿ ಬೂಟಿಗೆ ಕೈಹಾಕುತ್ತಿದ್ದರು. ಗೋಡೆಯಲ್ಲಿ ಗಡಿಯಾರವಿತ್ತು; ಅದು ಅಂದಕ್ಕೆ.

ಹೊಗೆ ಕಂಡರಾಗದು ಎಂದು ವಕೀಲರು ಅಷ್ಟೇ ದೊಡ್ಡ ಎಲೆಕ್ಟ್ರಿಕ್ ಕಾರು ತಂದರು. ಮೊದಲ ದಿನ ಚಿಕ್ಕಪ್ಪ ಎಂಟಕ್ಕೇ ಗುಂಡಿ ಒತ್ತಿ ಕೂತ. ಎಂಟೂವರೆಗೆ ವಕೀಲರು ಕಿಟಕಿಯಿಂದ ರೇಗಿದರು: "ಏನಯ್ಯಾ, ಇನ್ನೂ ಸ್ಟಾರ್ಟೇ ಮಾಡಿಲ್ವಾ?"

"ಮಾಡಿ ಅರ್ಧ ಗಂಟೆ ಆಯ್ತು ಸಾರ್."

ಹಳೆಯ ಕಾರನ್ನು ಅವರಿನ್ನೂ ಮಾರಿಲ್ಲ. ಈಗ ಚಿಕ್ಕಪ್ಪ ದಿನಾ ಎಂಟಕ್ಕೆ ಅದನ್ನು ಐದು ನಿಮಿಷ ಗುರ್ ಎನ್ನಿಸಿ, ಆರಿಸಿ, ಹೊಸ ಕಾರಿನ ಬಾಗಿಲು ತೆರೆದು ನಿಲ್ಲುತ್ತಾನೆ. ವಕೀಲರು ಹೊಗೆಗೆ ಮೂಗು ಮುಚ್ಚಿಕೊಂಡು ಬಂದು ಹತ್ತುತ್ತಾರೆ.